‘ನಾನೇ ಮಾಡ್ಕೋತೀನಿ’

(ಕಡೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರದ ಸಾರ: ಕಳೆದ ಸಂಚಿಕೆಯಲ್ಲಿ ಬದುಕಿನ ಎಂಟು ಘಟ್ಟಗಳ ಲೇಖನ ಓದಿದೆ. ಮುಪ್ಪಿನಲ್ಲಿ ಸಮಾಧಾನ ಬರಬೇಕು ಎಂದಿತ್ತು. ನನ್ನ ತಾಯಿಗೆ 88. ಬಚ್ಚಲಿಗೆ ಹೋಗುವಾಗ ಕೈ ಹಿಡಿದರೆ ಕೊಡವುತ್ತಾರೆ, ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾರೆ. ಒಮ್ಮೆ ಬಿದ್ದೂ ಆಯಿತು. ಮನೆಯವರು ಅರಳು ಮರುಳು ಅನ್ನುತ್ತಾರೆ. ಇದು ಯಾವ ಘಟ್ಟ?)

ಮೇಷ್ಟ್ರೇ,

ಪತ್ರದ ಕೊನೆಯಲ್ಲಿ ನೀವು ಒಂದು ಮಾತು ಬರೆದು ಹಾಗೇ ಬಿಟ್ಟಿದ್ದೀರಿ. ಎರಡೂವರೆ ವರ್ಷದ ಮೊಮ್ಮಗಳೂ ಚಡ್ಡಿ ಹಾಕಲು ಹೋದರೆ ‘ನಾನೇ ಹಾಕ್ಕೋತೀನಿ’ ಎಂದು ಓಡುತ್ತಾಳೆ, ಎರಡು ಕಾಲನ್ನೂ ಒಂದೇ ಕಡೆ ತೂರಿಸಿಕೊಂಡು ಬೀಳುತ್ತಾಳೆ ಎಂದು. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಎಂಟು ಘಟ್ಟಗಳನ್ನು ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್‌ಸನ್ ವಿವರಿಸಿದ್ದು 1950ರ ಪುಸ್ತಕದಲ್ಲಿ. ಪ್ರತಿ ಘಟ್ಟದಲ್ಲೂ ಒಂದು ಜಗ್ಗಾಟ. ಎರಡನೆಯದು ನಿಮ್ಮ ಮೊಮ್ಮಗಳದ್ದು: ನಡೆಯಲು ಬಂತು, ಮಲಮೂತ್ರ ಹಿಡಿದುಕೊಳ್ಳಲು, ಬಿಡಲು ಬಂತು, ಮೈ ನನ್ನ ಮಾತು ಕೇಳುತ್ತದೆ ಎಂಬ ಹಿಗ್ಗು ಒಂದು ಕಡೆ, ಆಗದೆ ಹೋದರೆ ನಾಲ್ಕು ಜನರೆದುರು ನಾಚಿಕೆ ಇನ್ನೊಂದು ಕಡೆ. ಇದನ್ನು ನಾವು ವಯಸ್ಸಿನ ಪಟ್ಟಿ ಮಾಡಿ ರೈಲಿನ ವೇಳಾಪಟ್ಟಿಯಂತೆ ಅಚ್ಚು ಹಾಕಿದೆವು. ತಪ್ಪು ನಮ್ಮದು. ಒಂದು ಸ್ಟೇಷನ್ ದಾಟಿದರೆ ಅದು ಮತ್ತೆ ಬರುವುದಿಲ್ಲ ಎಂದು ಓದುಗರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಎರಿಕ್‌ಸನ್ 1994ರಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಕೆಲಸದಲ್ಲಿ ಉದ್ದಕ್ಕೂ ಜೊತೆಗಿದ್ದ ಹೆಂಡತಿ ಜೋನ್ ತೊಂಬತ್ತು ದಾಟಿದ ಮೇಲೆ ಕೂತು ಒಂಬತ್ತನೆಯ ಘಟ್ಟವನ್ನು ಸೇರಿಸಿದರು. ಅದು ‘ದಿ ಲೈಫ್ ಸೈಕಲ್ ಕಂಪ್ಲೀಟೆಡ್’ ಎಂಬ ಇನ್ನೊಂದು ಪುಸ್ತಕದ 1997ರ ಆವೃತ್ತಿಯಲ್ಲಿದೆ. ಮುಪ್ಪೆಂದರೆ ಸಮಾಧಾನ, ವಿವೇಕ ಎಂದು ಗಂಡ ಹೆಂಡತಿ ಇಬ್ಬರೂ ಬರೆದಿದ್ದು ತಮಗಿನ್ನೂ ಕೈಕಾಲು ಗಟ್ಟಿಯಿದ್ದಾಗ. ತೊಂಬತ್ತರಲ್ಲಿ ನಿಂತು ನೋಡಿದಾಗ ಅದು ಜೋನ್ ಅವರಿಗೆ ಅತಿಯಾದ ನಿರೀಕ್ಷೆಯಾಗಿ ಕಂಡಿತು. ಹಳೆಯ ಜಗ್ಗಾಟಗಳೆಲ್ಲ ವಾಪಸು ಬರುತ್ತವೆ, ಈ ಸಲ ಅಪನಂಬಿಕೆ, ನಾಚಿಕೆಗಳೇ ಮುಂದೆ ಬಂದು ನಿಲ್ಲುತ್ತವೆ ಎಂದರು. ಮೈ ಮಾತು ಕೇಳುವುದನ್ನು ಬಿಟ್ಟಿರುತ್ತದಲ್ಲ!

ನಿಮ್ಮ ತಾಯಿ ಚಿಲಕ ಹಾಕುವುದನ್ನು ನಾನು ಹಾಗೆ ಓದುತ್ತೇನೆ. ಅರಳು ಮರುಳು ಎಂಬ ಮಾತು ನನಗಂತೂ ಹಿಡಿಸುವುದಿಲ್ಲ. ಕೇಳುವ ತಾಳ್ಮೆ ಇಲ್ಲದವರಿಗೆ ಅದು ಬಲು ಸಲೀಸು. ಹೊತ್ತು ಗೊತ್ತು ತಪ್ಪುತ್ತಿದ್ದರೆ, ಮನೆಯವರ ಗುರುತು ಹತ್ತದಿದ್ದರೆ ಅದು ಕಾಯಿಲೆ, ಡಾಕ್ಟರಿಗೆ ತೋರಿಸಿ. ಬಿದ್ದದ್ದು ಯಾಕೆಂದೂ ಕೇಳಿ. ಬಿಪಿ ಮಾತ್ರೆಯಿಂದಲೂ ಎದ್ದ ಕೂಡಲೇ ತಲೆ ಸುತ್ತುವುದುಂಟು. ಆದರೆ ಸೊಸೆಯ ಮುಂದೆ ಸೀರೆ ಎತ್ತಿಕೊಳ್ಳಲು ಸಂಕೋಚಪಡುವುದು ಕಾಯಿಲೆಯಲ್ಲ.

ಮೊಮ್ಮಗಳು ಬಿದ್ದಾಗ ನೀವು ನಕ್ಕು ಕಾಯುತ್ತೀರಿ. ಅಮ್ಮನಿಗೆ ಕಾಯುವುದು ಕಷ್ಟ, ಬಿದ್ದರೆ ಮೂಳೆ ಮುರಿದೀತು. ಹಾಗಾಗಿ ಹೊರಗಿನಿಂದಲೂ ತೆಗೆಯಲು ಬರುವ ಚಿಲಕ ಹಾಕಿಸಿ. ಗೋಡೆಗೆ ಹಿಡಿಕೆ, ಕೆಳಗೆ ಜಾರದ ಮ್ಯಾಟು, ಕೂರಲು ಒಂದು ಸ್ಟೂಲು ಇರಲಿ. ಹಿಡಿಕೆ ಯಾವ ಎತ್ತರಕ್ಕೆ ಬೇಕು ಎಂದು ಅವರನ್ನೇ ನಿಲ್ಲಿಸಿ ಕೇಳಿ ಗುರುತು ಹಾಕಿ.

ನಿಮ್ಮದು ಯಾವ ಘಟ್ಟ ಎಂದೂ ಕೇಳಿದ್ದೀರಿ. ಅತ್ತ ಅಮ್ಮನ ಚಿಲಕ, ಇತ್ತ ಮೊಮ್ಮಗಳ ಚಡ್ಡಿ ನೋಡಿಕೊಳ್ಳುತ್ತಿರುವವರದ್ದು ಇನ್ನೊಬ್ಬರನ್ನು ಸಾಕಿ ಸಲಹುವ ಏಳನೆಯ ಘಟ್ಟವೇ, ಪಿಂಚಣಿ ಶುರುವಾಗಿ ಎಷ್ಟು ವರ್ಷವಾಗಿದ್ದರೂ.

— ಸಂಪಾದಕ