ಓದುಗರ ಪ್ರಶ್ನೆ: ನೆಟ್‌ವರ್ಕ್ ಇಲ್ಲದ ಊರು, ನಕ್ಷೆಯಲ್ಲಿ ಮೂಡದ ಚುಕ್ಕೆ

ಪ್ರಶ್ನೆ: ಕೆಲಸದ ಮೇಲೆ ಆಗಾಗ ಕಾಡಂಚಿನ ಹಳ್ಳಿಗಳಿಗೆ ಹೋಗುತ್ತೇನೆ. ನೆಟ್‌ವರ್ಕ್ ಹೋದೊಡನೆ ಫೋನಿನ ನಕ್ಷೆ ಖಾಲಿಯಾಗುತ್ತದೆ. ಇಂಟರ್‌ನೆಟ್ ಇಲ್ಲದೆ ಜಿಪಿಎಸ್ ನಡೆಯುವುದಿಲ್ಲವೆ?
– ಓದುಗರೊಬ್ಬರು, ಚಿಂಚೋಳಿ

ಉತ್ತರ: ನಡೆಯುತ್ತದೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯವನ್ನೂ ತಮ್ಮ ಸ್ಥಾನವನ್ನೂ ಬಿತ್ತರಿಸುತ್ತಲೇ ಇರುತ್ತವೆ. ಫೋನು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಹಿಡಿದು ತಾನಿರುವ ಅಕ್ಷಾಂಶ, ರೇಖಾಂಶಗಳನ್ನು ಲೆಕ್ಕ ಹಾಕುತ್ತದೆ. ಇದಕ್ಕೆ ಸಿಮ್ ಕೂಡ ಬೇಕಿಲ್ಲ. ಮೊಬೈಲ್ ಜಾಲವಿದ್ದಾಗ ಉಪಗ್ರಹಗಳ ಕಕ್ಷೆಯ ವಿವರ ಅದರ ಮೂಲಕ ಬೇಗ ಸಿಗುವುದರಿಂದ ನೀಲಿ ಚುಕ್ಕೆ ಕೂಡಲೇ ಮೂಡುತ್ತದೆ. ಜಾಲವಿಲ್ಲದಿದ್ದರೆ ಅದೇ ವಿವರವನ್ನು ಉಪಗ್ರಹದಿಂದಲೇ ಸೆಕೆಂಡಿಗೆ 50 ಬಿಟ್‌ಗಳ ನಿಧಾನಗತಿಯಲ್ಲಿ ಪಡೆಯಬೇಕಾಗುತ್ತದೆ. ಆದ್ದರಿಂದ ಮರಗಳಿಲ್ಲದ ಬಯಲಿನಲ್ಲಿ ಕೆಲವು ನಿಮಿಷ ತಾಳ್ಮೆಯಿಂದ ನಿಲ್ಲಿ.

ನಿಮ್ಮಲ್ಲಿ ಕೈಕೊಡುತ್ತಿರುವುದು ನಕ್ಷೆ. ಅದು ತುಣುಕು ತುಣುಕಾಗಿ ಇಂಟರ್‌ನೆಟ್‌ನಿಂದ ಬರುತ್ತಿರುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಬೇಕಾದ ಪ್ರದೇಶವನ್ನು ಮನೆಯಲ್ಲಿರುವಾಗಲೇ ಇಳಿಸಿಟ್ಟುಕೊಳ್ಳಬಹುದು. ಆದರೆ ಹಾಗೆ ಇಳಿಸಿದ ನಕ್ಷೆ ವಾಹನದ ದಾರಿಯನ್ನು ತೋರಿಸೀತೇ ಹೊರತು ನಡಿಗೆಯ ದಾರಿಯನ್ನಲ್ಲ. ಕಾಲುದಾರಿ, ಬಂಡಿದಾರಿಗಳು ಬೇಕಿದ್ದರೆ 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿಯನ್ನು ಬಳಸುವ ಆಸ್ಮ್‌ಆಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್ ಹಾಕಿಕೊಳ್ಳುವುದು ಲೇಸು. ನಮ್ಮ ಭಾಗದವರು ಒಂದು ಎಚ್ಚರ ವಹಿಸಬೇಕು. ಈ ಆ್ಯಪ್‌ಗಳು ನಕ್ಷೆಯನ್ನು ರಾಜ್ಯವಾರು ಅಥವಾ ಅದಕ್ಕಿಂತ ಚಿಕ್ಕ ಭಾಗಗಳಾಗಿ ಕೊಡುತ್ತವೆ. ಚಿಂಚೋಳಿಯವರಾದ ನೀವು ತೆಲಂಗಾಣದ ಕಡತವನ್ನೂ, ಬೀದರ್ ಜಿಲ್ಲೆಯವರು ಅದರ ಜೊತೆಗೆ ಮಹಾರಾಷ್ಟ್ರದ್ದನ್ನೂ ಇಳಿಸಿಕೊಳ್ಳದಿದ್ದರೆ ಗಡಿ ದಾಟಿದೊಡನೆ ದಾರಿ ಕಡಿದುಹೋಗುತ್ತದೆ.

ಪ್ರಶ್ನೆ: ಕಂದಾಯ ಇಲಾಖೆಯ ಜಾಲತಾಣದಿಂದ ನಮ್ಮ ಗ್ರಾಮನಕ್ಷೆಯ ಪಿಡಿಎಫ್ ಇಳಿಸಿಕೊಂಡೆ. ಹೊಲದಲ್ಲಿ ನಿಂತು ತೆರೆದರೆ ನಾನಿರುವ ಜಾಗದ ಚುಕ್ಕೆ ಅದರಲ್ಲಿ ಕಾಣಿಸುವುದಿಲ್ಲ. ಪರಿಚಿತ ಎಂಜಿನಿಯರ್ ಕಳುಹಿಸಿದ ಕೆಎಂಎಲ್ ಕಡತದಲ್ಲಿ ಮಾತ್ರ ಕಾಣಿಸುತ್ತದೆ. ಇದೇಕೆ? ಬದುವಿನ ತಕರಾರಿಗೆ ಇದು ನೆರವಾದೀತೆ?
– ರೈತರೊಬ್ಬರು, ಶಹಾಪುರ ತಾಲ್ಲೂಕು

ಉತ್ತರ: ನಿಮ್ಮ ಪಿಡಿಎಫ್ ಕಾಗದದ ನಕ್ಷೆಯ ಚಿತ್ರ, ಅಷ್ಟೆ. ಅದರ ಯಾವ ಮೂಲೆ ಭೂಮಿಯ ಯಾವ ಅಕ್ಷಾಂಶಕ್ಕೆ ಸೇರಿದ್ದೆಂಬುದು ಕಡತದೊಳಗೆ ಬರೆದಿಲ್ಲವಾದ್ದರಿಂದ, ಚುಕ್ಕೆಯನ್ನು ಎಲ್ಲಿಡಬೇಕೆಂದು ಫೋನಿಗೆ ತಿಳಿಯದು. ಆ ಮಾಹಿತಿಯನ್ನು ಸೇರಿಸಿದ ಪಿಡಿಎಫ್‌ಗೆ ಜಿಯೋಪಿಡಿಎಫ್ ಎಂದೂ ಚಿತ್ರಕ್ಕೆ ಜಿಯೋಟಿಫ್ ಎಂದೂ ಹೆಸರು. ಕೆಎಂಎಲ್‌ನ ಬಗೆ ಬೇರೆ: ಅದರಲ್ಲಿ ಚಿತ್ರವಿರುವುದಿಲ್ಲ, ಹೊಲದ ಪ್ರತಿ ಮೂಲೆಯ ಅಂಕಿಗಳನ್ನು ಸಾಲಾಗಿ ಬರೆದಿರುತ್ತದೆ, ಆ್ಯಪ್ ಅವುಗಳ ನಡುವೆ ಗೆರೆ ಎಳೆಯುತ್ತದೆ. ಹಾಗಾಗಿ ಎಷ್ಟು ಹಿಗ್ಗಿಸಿದರೂ ಗೆರೆ ಮಸುಕಾಗದು. ಕೆಎಂಜೆಡ್ ಎಂದರೆ ಅದನ್ನೇ ಜಿಪ್ ಮಾಡಿದ ಕಡತ.

ಗ್ರಾಮನಕ್ಷೆಯನ್ನೇ ಬಳಸಬೇಕೆಂದಿದ್ದರೆ ದಾರಿಯಿದೆ. ಕಂಪ್ಯೂಟರಿನಲ್ಲಿ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶಕ್ಕೆ ನಕ್ಷೆಯ ಚಿತ್ರವನ್ನು ಹಾಕಿ, ನಕ್ಷೆಯಲ್ಲೂ ನೆಲದಲ್ಲೂ ಖಚಿತವಾಗಿ ಗುರುತಿಸಬಹುದಾದ ಕನಿಷ್ಠ ನಾಲ್ಕೈದು ಜಾಗಗಳಿಗೆ, ಅಂದರೆ ಮೂರು ಗ್ರಾಮಗಳ ಗಡಿ ಕೂಡುವ ಕಲ್ಲು, ಹಳೆಯ ಬಾವಿ, ದಾರಿಗಳು ಸೇರುವಲ್ಲಿಗೆ, ಅಕ್ಷಾಂಶ ರೇಖಾಂಶಗಳನ್ನು ಕೊಡಬೇಕು. ಈ ಜಾಗಗಳು ನಕ್ಷೆಯ ನಾಲ್ಕೂ ದಿಕ್ಕಿಗೆ ಹರಡಿರಲಿ; ಎಲ್ಲವೂ ಊರೊಳಗೇ ಇದ್ದರೆ ಅಂಚಿನ ಹೊಲಗಳು ಸೊಟ್ಟಗಾಗುತ್ತವೆ. ನಂತರ ಅದನ್ನು ಎಂಬಿಟೈಲ್ಸ್ (ನಕ್ಷೆಯ ತುಣುಕುಗಳನ್ನೆಲ್ಲ ಒಂದೇ ಕಡತದಲ್ಲಿಡುವ ಬಗೆ) ಆಗಿ ಉಳಿಸಿದರೆ ಫೋನಿಗೆ ಒಯ್ಯಬಹುದು. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳಿಂದ ಅಂಕಿ ತೆಗೆದುಕೊಳ್ಳುವವರು ಮಾತ್ರ ಜಾಗರೂಕರಾಗಿರಬೇಕು. ಅಕ್ಷಾಂಶ ರೇಖಾಂಶಗಳನ್ನು ಲೆಕ್ಕ ಹಾಕಲು ಭೂಮಿಯ ಆಕಾರವನ್ನು ಹೀಗೆಂದು ಇಟ್ಟುಕೊಳ್ಳುವ ಮಾದರಿಗೆ ಆಧಾರಮಾನ ಎನ್ನುತ್ತಾರೆ. ಆ ಹಾಳೆಗಳು ಎವರೆಸ್ಟ್ ಆಧಾರಮಾನದವು, ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84. ಪರಿವರ್ತಿಸದೆ ಬಳಸಿದರೆ ನಮ್ಮ ಭಾಗದಲ್ಲಿ ನೂರಕ್ಕೂ ಹೆಚ್ಚು ಮೀಟರ್ ವ್ಯತ್ಯಾಸ ಬರುತ್ತದೆ.

ಇಷ್ಟೆಲ್ಲ ಬೇಡವೆಂದರೆ, ನೆಟ್‌ವರ್ಕ್ ಇರುವಲ್ಲಿ ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ತೆರೆಯಿರಿ. ನಿಂತ ಜಾಗದ ಸರ್ವೆ ನಂಬರನ್ನು ಅದೇ ಹೇಳುತ್ತದೆ.

ಇನ್ನು ಬದುವಿನ ತಕರಾರು. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ ಬದಿಯೊಂದಕ್ಕೆ ಸುಮಾರು 10 ಮೀಟರ್. ತೆರೆದ ಬಯಲಿನಲ್ಲೂ ಸಾಮಾನ್ಯ ಫೋನು 5 ಮೀಟರಿನಷ್ಟು ಆಚೀಚೆ ತೋರಿಸುವುದುಂಟು. ಅರ್ಧ ಗುಂಟೆಯ ಅಗಲವನ್ನೇ ತಪ್ಪಬಲ್ಲ ಸಾಧನವನ್ನು ಹಿಡಿದು ನೆರೆಯವರೊಡನೆ ವಾದಕ್ಕೆ ನಿಲ್ಲುವುದು ಸರಿಯಲ್ಲ. ಹದ್ದುಬಸ್ತಿಗೆ ಅರ್ಜಿ ಕೊಟ್ಟು ಭೂಮಾಪಕರಿಂದಲೇ ಅಳತೆ ಮಾಡಿಸಿಕೊಳ್ಳಿ.

ಪ್ರಶ್ನೆ: ಕಲಬುರಗಿಯಲ್ಲಿರುವ ಗೆಳೆಯ ಕಳುಹಿಸಿದ ಕೆಎಂಎಲ್ ಕಡತದಿಂದ ಅಂಕಿಗಳನ್ನು ನಕಲು ಮಾಡಿ ಹುಡುಕಿದರೆ ನಕ್ಷೆ ಉತ್ತರಧ್ರುವದ ಕಡೆಗೆ ಹೋಗುತ್ತದೆ. ಕಡತ ಕೆಟ್ಟಿದೆಯೆ?
– ವಿದ್ಯಾರ್ಥಿನಿ, ಬೀದರ್

ಉತ್ತರ: ಕಡತ ಸರಿಯಾಗಿಯೇ ಇದೆ. ಕೆಎಂಎಲ್‌ನಲ್ಲಿ ರೇಖಾಂಶವನ್ನು ಮೊದಲು ಬರೆಯುತ್ತಾರೆ. ಗೂಗಲ್ ಮ್ಯಾಪ್ಸ್‌ನ ಹುಡುಕು ಪೆಟ್ಟಿಗೆಗೆ ಅಕ್ಷಾಂಶ ಮೊದಲು ಬೇಕು. ಕಲಬುರಗಿಯ 17.33, 76.83 ಎಂಬುದನ್ನು ತಿರುವುಮುರುವು ಮಾಡಿದರೆ ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ಬಳಿಗೆ ಹೋಗುತ್ತೀರಿ. ತಪ್ಪು ಇಷ್ಟು ದೊಡ್ಡದಿದ್ದರೆ ಕಣ್ಣಿಗೆ ಬೀಳುತ್ತದೆ, ಚಿಕ್ಕದಿದ್ದರೆ ಬೀಳುವುದಿಲ್ಲ. 17 ಡಿಗ್ರಿ 20 ಮಿನಿಟ್ ಎಂಬುದನ್ನು 17.20 ಎಂದು ಬರೆಯುವವರು ಬಹಳ. ಅದು ವಾಸ್ತವದಲ್ಲಿ 17.333, ಈ ವ್ಯತ್ಯಾಸ ನೆಲದ ಮೇಲೆ ಸುಮಾರು 15 ಕಿಲೋಮೀಟರ್ ಆಗುತ್ತದೆ.

ಪ್ರಶ್ನೆ: ದೇವಲ ಗಾಣಗಾಪುರಕ್ಕೆ ಪಾದಯಾತ್ರೆ ಹೋಗುವಾಗ ನಡೆದ ದಾರಿಯನ್ನು ದಾಖಲಿಸಿ ಮುಂದಿನ ಸಲದವರಿಗೆ ಕೊಡಬೇಕೆಂದಿದ್ದೇವೆ. ಬ್ಯಾಟರಿ ಉಳಿದೀತೆ?
– ಭಕ್ತರು, ಕಲಬುರಗಿ

ಉತ್ತರ: ಉಳಿಯುತ್ತದೆ, ಪರದೆಯನ್ನು ಆರಿಸಿಟ್ಟರೆ. ಚಾರ್ಜ್ ತಿನ್ನುವುದರಲ್ಲಿ ಪರದೆಯದೇ ದೊಡ್ಡ ಪಾಲು. ಕ್ಷೀಣ ನೆಟ್‌ವರ್ಕ್‌ಗಾಗಿ ಫೋನು ನಡೆಸುವ ಹುಡುಕಾಟದ್ದು ಇನ್ನೊಂದು ಪಾಲು. ಗುಂಪಿನಲ್ಲಿ ಒಬ್ಬರ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ದಾಖಲಿಸಿ. ಈಗಿನ ಫೋನುಗಳಲ್ಲಿ ಆಗಲೂ ಜಿಪಿಎಸ್ ಕೆಲಸ ಮಾಡುತ್ತದೆ. ದಾಖಲಿಸುವ ಆ್ಯಪ್‌ಗೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಉಳಿತಾಯದ ನಿರ್ಬಂಧವನ್ನು ತೆಗೆದಿರಬೇಕು, ಇಲ್ಲವಾದರೆ ಪರದೆ ಆರಿದ ಸ್ವಲ್ಪ ಹೊತ್ತಿಗೆ ದಾಖಲೆ ನಿಂತು, ಮುಂದಿನ ಊರಿಗೆ ನೇರ ಗೆರೆ ಎಳೆದಂತೆ ಕಾಣುತ್ತದೆ. ಹಂಚುವಾಗ ಜಿಪಿಎಕ್ಸ್ ಆಗಿ ಉಳಿಸಿ. ಪ್ರತಿ ಬಿಂದುವಿನ ಜೊತೆಗೆ ಸಮಯವೂ ಎತ್ತರವೂ ಅದರಲ್ಲಿರುತ್ತವೆ, ದಾರಿ ತೋರಿಸುವ ಬಹುತೇಕ ಆ್ಯಪ್‌ಗಳು ಅದನ್ನು ಓದುತ್ತವೆ. ನಿಮ್ಮ ಮನೆ ಎಲ್ಲಿದೆಯೆಂಬುದು ಎಲ್ಲರಿಗೂ ತಿಳಿಯದಿರಲು, ಹಂಚುವ ಮೊದಲು ಅಲ್ಲಿಂದ ಹೊರಟ ಮೊದಲ ತುಂಡನ್ನು ಕತ್ತರಿಸಿಬಿಡಿ.