ಪಿಎಸ್4, ಡಿಸ್ಕುಗಳನ್ನೆಲ್ಲ ಮಾರಿ ಕ್ಲೌಡ್ ಗೇಮಿಂಗ್‌ಗೆ ಹೋಗಬಹುದಾ? ಮುಂದೆ ಎಲ್ಲ ಸ್ಟ್ರೀಮಿಂಗೇ ಅಂತಾರಲ್ಲ?

ಮಾರಬೇಡಿ. ಓಎಲ್‌ಎಕ್ಸ್‌ನಲ್ಲಿ ಈಗಾಗಲೇ ಹಾಕಿಬಿಟ್ಟಿದ್ದರೆ ಮೊದಲು ಅದನ್ನ ತೆಗೆದು ಬನ್ನಿ, ಆಮೇಲೆ ಮುಂದೆ ಓದಿ.

ನೀವು ಹಾಕಿರೋ ಲೆಕ್ಕವನ್ನೇ ನಾನೂ ಹಾಕಿದ್ದೆ. ಆಗ ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನಲ್ಲಿ ಕೆಲಸ. ಇವತ್ತಲ್ಲ ನಾಳೆ ದಾವಣಗೆರೆಗೆ ವಾಪಸ್ ಹೋಗೋದಂತೂ ಖಾತ್ರಿ, ವಿಮಾನದಲ್ಲಿ ಈ ಡಿಸ್ಕಿನ ಡಬ್ಬಿಗಳನ್ನ ಯಾಕೆ ಹೊರಬೇಕು ಅಂತ ಪಿಎಸ್4 ಕನ್ಸೋಲ್ (ಟೀವಿಗೆ ಹಾಕೋ ಗೇಮ್ ಮೆಷಿನ್) ಸಮೇತ ಅಲ್ಲೇ ಒಬ್ಬ ಹುಡುಗನಿಗೆ ಮಾರಿಬಿಟ್ಟೆ. ಬಂದ ದುಡ್ಡಲ್ಲಿ ಒಂದು ಸ್ಟ್ರೀಮಿಂಗ್ ಸರ್ವಿಸ್‌ಗೆ ಸೇರಿ (ಗೇಮು ಓಡೋದು ಎಲ್ಲೋ ದೂರದ ಅವರ ಸರ್ವರ್ ಕಂಪ್ಯೂಟರಿನಲ್ಲಿ, ನಮಗೆ ನೆಟ್ ಮೂಲಕ ಬರೋದು ಅದರ ದೃಶ್ಯ ಮಾತ್ರ), ಅದರ ಅಂಗಡಿಯಲ್ಲೇ ಅವೇ ಗೇಮುಗಳನ್ನ ಪೂರ್ತಿ ಬೆಲೆ ಕೊಟ್ಟು ಮತ್ತೆ ಕೊಂಡೆ. ಹೌದು, ನನ್ನ ಹತ್ತಿರ ಇದ್ದವನ್ನೇ. (ಸರ್ವಿಸ್ ಹೆಸರು ಬೇಡ ಬಿಡಿ.)

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ದುಡ್ಡು ಹೋಗಿದ್ದು ಇಲ್ಲೇ. ಕೊಳ್ಳೋ ಮುಂಚೆ ನಾನೇನು ಕಣ್ಣು ಮುಚ್ಚಿಕೊಂಡು ಹೋಗಿರಲಿಲ್ಲ. ನೆಟ್ ಸ್ಪೀಡ್ ನೋಡಿದೆ, ಪಿಂಗ್ (ಸಿಗ್ನಲ್ ಸರ್ವರಿಗೆ ಹೋಗಿ ಬರೋ ಸಮಯ) ನೋಡಿದೆ, ಯಾವ ಟೀವಿಯಲ್ಲಿ ಓಡುತ್ತೆ ಅಂತ ನೋಡಿದೆ. ಯಾವ್ಯಾವ ದೇಶದಲ್ಲಿ ಸರ್ವಿಸ್ ಇದೆ ಅನ್ನೋ ಪಟ್ಟಿಯನ್ನೂ ನೋಡಿದೆ. ಅದರಲ್ಲಿ ಭಾರತ ಇರಲಿಲ್ಲ. ಅದು ಕಂಡೂ ನಾನು ಅರ್ಥ ಮಾಡಿಕೊಂಡದ್ದು ಏನು ಗೊತ್ತಾ? ಭಾರತದಲ್ಲಿ ಕೂತು ಹೊಸದಾಗಿ ಅಕೌಂಟ್ ತೆಗೆಯೋಕೆ ಆಗಲ್ಲ, ಅಷ್ಟೇ ಅಂತ. ನಂದು ಹಳೇ ಅಕೌಂಟ್, ದುಡ್ಡು ಕೊಟ್ಟು ಕೊಂಡ ಗೇಮು, ನಾನು ಎಲ್ಲಿಗೆ ಹೋದರೂ ನನ್ನ ಜೊತೆ ಬರುತ್ತೆ ಅಂದುಕೊಂಡೆ. ಹಾಗಲ್ಲ. ಆ ಪಟ್ಟಿ ಹೇಳೋದು ನೀವು ಯಾವ ದೇಶದಲ್ಲಿ ಕೂತು ಆಡಬಹುದು ಅಂತ. ಅಕೌಂಟ್ ಎಲ್ಲಿಯದು, ಯಾವಾಗ ಕೊಂಡ್ರಿ, ಎಷ್ಟು ಕೊಟ್ರಿ, ಯಾವುದೂ ಲೆಕ್ಕಕ್ಕಿಲ್ಲ.

ದಾವಣಗೆರೆಗೆ ಬಂದು ಲಾಗಿನ್ ಆದರೆ ಲೈಬ್ರರಿಯಲ್ಲಿ ಎಲ್ಲ ಗೇಮುಗಳೂ ಸಾಲಾಗಿ ಕೂತಿವೆ. ಒತ್ತಿದರೆ ‘ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ’. ಬೇರೆ ದೇಶದಲ್ಲಿ ಕೂತ ಹಾಗೆ ತೋರಿಸೋ ವಿಪಿಎನ್ ಹಾಕಿ ಯುರೋಪಿನ ಸರ್ವರ್ ಹಿಡಿದೆ. ಕ್ರಿಕೆಟ್ ಗೇಮ್ ಶುರುವೇನೋ ಆಯ್ತು, ಆದರೆ ಬಾಲು ಸ್ಟಂಪ್ ಎಗರಿಸಿದ ಮೇಲೆ ನಮ್ಮ ಬ್ಯಾಟು ಕೆಳಗಿಳಿಯೋದು. ಪಕ್ಕದಲ್ಲಿ ಕೂತಿದ್ದ ತಮ್ಮ ‘ಅಣ್ಣಾ, ಇವನಿಗೆ ಬೌಲಿಂಗೇ ಕೊಡು’ ಅಂದ. ಇದಕ್ಕೆ ಮದ್ದಿಲ್ಲ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ. ಸರ್ವರ್ ಮುಂಬೈಯಲ್ಲಿದ್ದರೆ ಹೋಗಿ ಬರೋಕೆ 10 ಮಿಲಿಸೆಕೆಂಡ್ ಆಸುಪಾಸು, ತೊಂದರೆ ಇಲ್ಲ. ಯುರೋಪಿಗೆ ಹೋಗಿ ಬರೋದು ಅಂದ್ರೆ 150ರ ಹತ್ತಿರ. 60 ಎಫ್‌ಪಿಎಸ್ (ಸೆಕೆಂಡಿಗೆ 60 ಚಿತ್ರ) ಗೇಮಿನಲ್ಲಿ ಒಂದು ಫ್ರೇಮು ಇರೋದು 16.7 ಮಿಲಿಸೆಕೆಂಡ್. ಅಂದರೆ ನೀವು ಬಟನ್ ಒತ್ತಿದ್ದು ಪರದೆ ಮೇಲೆ ಕಾಣೋದು ಒಂಬತ್ತು ಫ್ರೇಮು ತಡವಾಗಿ.

ಸಪೋರ್ಟ್‌ನವರಿಗೆ ಮೇಲ್ ಹಾಕಿದೆ. ರೀಫಂಡ್ ಇಲ್ಲ, ಸರ್ವಿಸ್ ಚೆನ್ನಾಗೇ ನಡೀತಿದೆಯಲ್ಲ ಅಂದ್ರು. ಗೂಗಲ್‌ನವರು ಸ್ಟೇಡಿಯಾ ಅನ್ನೋ ತಮ್ಮ ಸ್ಟ್ರೀಮಿಂಗ್ ಸರ್ವಿಸ್ ಮುಚ್ಚಿದಾಗ (2019ರಲ್ಲಿ ಶುರು, 2023ರ ಜನವರಿಯಲ್ಲಿ ಬಂದ್) ಜನ ಅಲ್ಲಿ ಕೊಂಡ ಗೇಮಿನ ದುಡ್ಡನ್ನ ವಾಪಸ್ ಕೊಟ್ಟರು. ಅಂದ್ರೆ ಅಂಗಡಿ ಮುಳುಗಿದವರಿಗೆ ದುಡ್ಡು ಬಂತು, ಊರು ಬದಲಿಸಿದ ನನಗೆ ಪಂಗನಾಮ! ಇನ್ನೊಂದು ಸಂಕಟ ಅಂದ್ರೆ ಪಿಎಸ್4 ಗೇಮಿನ ಡಿಸ್ಕಿಗೆ ರೀಜನ್ ಲಾಕ್ (ಇಂಥ ದೇಶದಲ್ಲಷ್ಟೇ ಓಡಬೇಕು ಅನ್ನೋ ಬೀಗ) ಇಲ್ಲ. ಆ ಹುಡುಗನಿಗೆ ಕೊಟ್ಟ ಡಿಸ್ಕುಗಳು ಇಲ್ಲಿ ಆರಾಮಾಗಿ ಓಡ್ತಿದ್ದವು.

ಇಷ್ಟೆಲ್ಲ ಕೇಳಿ ‘ಹಾಗಾದ್ರೆ ಡಿಸ್ಕೇ ಸರಿ’ ಅಂದುಕೊಂಡರೆ ಅದೂ ತಪ್ಪು. ನಿಮ್ಮ ಪ್ರಶ್ನೆಯೇ ಅಡ್ಡದಾರಿ ಹಿಡಿದಿದೆ. ಯೂಬಿಸಾಫ್ಟ್‌ನ ‘ದಿ ಕ್ರೂ’ ಗೊತ್ತಲ್ಲ, 2014ರ ಕಾರ್ ರೇಸ್ ಗೇಮು. 2024ರ ಮಾರ್ಚ್ 31ಕ್ಕೆ ಸರ್ವರ್ ಆರಿಸಿದರು. ಒಬ್ಬರೇ ಆಡೋದಕ್ಕೂ ಸರ್ವರ್ ಬೇಕಿದ್ದ ಗೇಮು, ಹಾಗಾಗಿ ಡಿಸ್ಕು ಕೈಯಲ್ಲಿದ್ದವರಿಗೂ ಅದು ಚಹಾ ಲೋಟದ ಕೆಳಗೆ ಇಡೋಕಷ್ಟೇ ಆಯ್ತು. ಆ ಸಿಟ್ಟಿನಲ್ಲೇ ರಾಸ್ ಸ್ಕಾಟ್ ಅನ್ನೋ ಯೂಟ್ಯೂಬರ್ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಂತ ಚಳವಳಿ ಶುರು ಮಾಡಿದ್ದು, ಯುರೋಪಿನಲ್ಲಿ 10 ಲಕ್ಷಕ್ಕೂ ಮೀರಿ ಸಹಿ ಬಿದ್ದವು. ಸ್ಟೀಮ್ ಅನ್ನೋ ಕಂಪ್ಯೂಟರ್ ಗೇಮಿನ ಆನ್‌ಲೈನ್ ಅಂಗಡಿಯಲ್ಲಿ ಕೊಂಡರೂ ಸಿಗೋದು ಲೈಸೆನ್ಸ್, ಅಂದ್ರೆ ಆಡೋ ಅನುಮತಿ ಮಾತ್ರ. 2024ರಿಂದ ಅದನ್ನ ದುಡ್ಡು ಕಟ್ಟೋ ಪುಟದಲ್ಲೇ ಬರೆದಿದ್ದಾರೆ. ಜಿಓಜಿ ಅನ್ನೋ ಅಂಗಡಿ ಬೇರೆ ಥರ, ಅಲ್ಲಿ ಇನ್‌ಸ್ಟಾಲರ್ ಇಳಿಸಿಕೊಂಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟರೆ ಯಾರ ಅಪ್ಪಣೆಯೂ ಬೇಡ.

ಹಾಗಾಗಿ ಕೇಳಬೇಕಾದ್ದು ಒಂದೇ: ಈ ಗೇಮು ಶುರುವಾಗೋಕೆ ಬೇರೆ ಯಾರಾದರೂ ‘ಹ್ಞೂಂ’ ಅನ್ನಬೇಕಾ?

ಮುಂದೆ ಎಲ್ಲ ಸ್ಟ್ರೀಮಿಂಗೇ ಅಂತ 2010ರಲ್ಲಿ ಆನ್‌ಲೈವ್ ಅನ್ನೋ ಸ್ಟ್ರೀಮಿಂಗ್ ಸರ್ವಿಸ್ ಬಂದಾಗಲೂ ಅಂದಿದ್ದರು. ಅದು 2015ರಲ್ಲಿ ಮುಚ್ಚಿತು. ಕಂಪ್ಯೂಟರ್ ಬಾಡಿಗೆಗೆ ಕೊಡೋ ವ್ಯಾಪಾರ ಉಳಿಯುತ್ತೆ ಅಂತಲೇ ನನ್ನ ಅಭಿಪ್ರಾಯ. ಜಿಫೋರ್ಸ್ ನೌ ಹಾಗೆ: ಗೇಮು ನಿಮ್ಮ ಸ್ಟೀಮ್ ಅಕೌಂಟಿನದು, ಮೆಷಿನ್ ಮಾತ್ರ ಅವರದು. 2020ರಲ್ಲಿ ಆ್ಯಕ್ಟಿವಿಷನ್ ಬ್ಲಿಝಾರ್ಡ್ ಅನ್ನೋ ಗೇಮ್ ಕಂಪನಿ ತನ್ನ ಗೇಮುಗಳನ್ನ ಅಲ್ಲಿಂದ ಕಿತ್ತುಕೊಂಡಾಗಲೂ ಕೊಂಡವರ ಸ್ವಂತ ಅಕೌಂಟಿನಲ್ಲಿ ಅವು ಹಾಗೇ ಇದ್ದವು. ತಿಂಗಳ ಚಂದಾ ಕಟ್ಟಿ ಬಾಡಿಗೆಗೆ ಆಡೋದೂ ಸರಿಯೇ, ಬಾಡಿಗೆ ಅಂತ ಗೊತ್ತಿದ್ದರೆ. ಸ್ಟ್ರೀಮಿಂಗ್ ಅಂಗಡಿಯೊಳಗೆ ಪೂರ್ತಿ ಬೆಲೆ ಕೊಟ್ಟು ಮಾತ್ರ ಒಂದೂ ಕೊಳ್ಳಬೇಡಿ.

ನೆಟ್ ಬಗ್ಗೆ ನೀವು ಬರೆದಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡಿದ್ದರೆ ಮರೆತುಬಿಡಿ. 20 ಎಂಬಿಪಿಎಸ್‌ನಲ್ಲಿ ಆಡಿದರೆ ಗಂಟೆಗೆ 9 ಜಿಬಿ, ದಿನಕ್ಕೆ 2 ಜಿಬಿ ಪ್ಯಾಕ್ ಕಾಲು ಗಂಟೆಯೊಳಗೆ ಖಾಲಿ.

ಈ ಭಾನುವಾರ ಪಿಎಸ್4ನ ನೆಟ್ ಕಿತ್ತು ಡಿಸ್ಕುಗಳನ್ನ ಒಂದೊಂದಾಗಿ ಹಾಕಿ ನೋಡಿ. ನೆಟ್ ಇಲ್ಲದೆ ಆಡೋಕೆ ಬಂದದ್ದನ್ನ ಇಟ್ಟುಕೊಳ್ಳಿ. ಬರದೇ ಇದ್ದದ್ದನ್ನೂ, ವರ್ಷ ವರ್ಷ ಹೊಸದು ಬರೋ ಫುಟ್‌ಬಾಲ್ ಗೇಮುಗಳನ್ನೂ ಬೇಕಾದ್ರೆ ಮಾರಿ, ಅವಕ್ಕೆ ಹೇಗೂ ದಿನ ಕಳೆದಂತೆ ಬೆಲೆ ಇಳಿಯುತ್ತೆ. ನಾಳೆ ಪಿಎಸ್5 ತಗೊಂಡರೆ ಡಿಸ್ಕ್ ಹಾಕೋ ಮಾಡೆಲ್ಲೇ ತಗೊಳ್ಳಿ, ಪಿಎಸ್4 ಡಿಸ್ಕುಗಳು ಹೆಚ್ಚುಕಮ್ಮಿ ಎಲ್ಲವೂ ಅದರಲ್ಲಿ ಓಡ್ತವೆ. ಡಿಜಿಟಲ್ ಎಡಿಷನ್ ಅಗ್ಗ ಅಂತ ಹೋದರೆ ಅವನ್ನ ಹಾಕೋ ಡ್ರೈವ್ ಜೊತೆಗೆ ಬರಲ್ಲ.