ಲಂಡನ್ನಿನ ಜಾನ್ ಸೋನ್ ಮನೆಗೆ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬಹುದೇ? ಅಲ್ಲಿನ ವಿಶೇಷ ಪ್ರದರ್ಶನಕ್ಕಾಗಿ ಕಾಯಬೇಕೇ?

ಹೋಗಿ, ಕಣ್ಣುಮುಚ್ಚಿ ಹೋಗಿ. ಪ್ರದರ್ಶನಕ್ಕಾಗಿ ಮಾತ್ರ ಕಾಯಬೇಡಿ. ತಂದೆ ಪಿಡಬ್ಲ್ಯೂಡಿಯಿಂದ ನಿವೃತ್ತರಾದ ಇಂಜಿನಿಯರ್, ತಾಯಿಗೆ ಮಂಡಿ ನೋವು, ಬ್ರಿಟಿಷ್ ಮ್ಯೂಸಿಯಂ ನೋಡಿದ ಮೇಲೆ ಇಬ್ಬರೂ "ಇನ್ನು ಮ್ಯೂಸಿಯಂ ಸಾಕಪ್ಪ" ಅಂದುಬಿಟ್ಟಿದ್ದಾರೆ ಎಂದು ಬರೆದಿದ್ದೀರಿ. ಅಂಥವರಿಗೇ ಈ ಜಾಗ ಸರಿ. ಇಲ್ಲಿ ಸಾಲುಸಾಲು ಗಾಜಿನ ಪೆಟ್ಟಿಗೆಗಳಿಲ್ಲ, ವಸ್ತುಗಳ ಪಕ್ಕ ಓದಿ ಓದಿ ಕಣ್ಣು ಸೋಲುವ ಚೀಟಿಗಳೂ ಇಲ್ಲ. ಇರುವುದು ಒಬ್ಬ ಮನುಷ್ಯನ ಮನೆ, ಅವನು 1837ರಲ್ಲಿ ಸತ್ತಾಗ ಹೇಗಿತ್ತೋ ಆದಷ್ಟು ಹಾಗೇ. ಹಾಗೆ ಇಟ್ಟುಕೊಳ್ಳುವುದು ಮ್ಯೂಸಿಯಂನವರ ಇಷ್ಟವಲ್ಲ, ಕಾನೂನು. ಅದರ ಹಿಂದೆ ನಮ್ಮ ಕಡೆ ಯಾರಿಗಾದರೂ ತಟ್ಟನೆ ಅರ್ಥವಾಗುವ ಒಂದು ಆಸ್ತಿ ಜಗಳ ಇದೆ. ಲಂಡನ್‌ಗೆ ಬಂದ ನೆಂಟರನ್ನು ನಾನು ಅಲ್ಲಿಗೆ ಕರೆದೊಯ್ಯುವುದು ಆ ಕತೆಗಾಗಿಯೇ.

ಮೊದಲು ಯಜಮಾನನ ಪರಿಚಯ. ಜಾನ್ ಸೋನ್ 1753ರಲ್ಲಿ ಹುಟ್ಟಿದವನು, ಇಟ್ಟಿಗೆ ಕಟ್ಟುವ ಗಾರೆಯವನ ಮಗ. ಓದಿ, ಇಟಲಿಗೆ ಹೋಗಿ ಬಂದು, 1788ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ವಾಸ್ತುಶಿಲ್ಪಿಯಾದ. ನಲವತ್ತೈದು ವರ್ಷ ಆ ಕೆಲಸ ಬಿಡಲಿಲ್ಲ. ಹೆಂಡತಿ ಎಲೈಜಾ ಕಡೆಯಿಂದಲೂ ಆಸ್ತಿ ಬಂತು. ಲಿಂಕನ್ಸ್ ಇನ್ ಫೀಲ್ಡ್ಸ್ ಎಂಬ ಚೌಕದಲ್ಲಿ 12ನೇ ನಂಬರಿನ ಮನೆ ಕೊಂಡ, ಆಮೇಲೆ 13, ಆಮೇಲೆ 14. ಒಂದೊಂದನ್ನೂ ಕೆಡವಿ ತನಗೆ ಬೇಕಾದಂತೆ ಕಟ್ಟಿದ. ಮನೆ ಮುಗಿಯಿತು ಅಂತ ಅವನು ಯಾವತ್ತೂ ಅಂದುಕೊಂಡವನಲ್ಲ. ರಾಯಲ್ ಅಕಾಡೆಮಿ ಎಂಬ ಕಲಾಸಂಸ್ಥೆಯಲ್ಲಿ ಪ್ರೊಫೆಸರ್ ಆದ ಮೇಲೆ, ಪಾಠದ ಹಿಂದಿನ ದಿನ ಮತ್ತು ಮರುದಿನ ವಿದ್ಯಾರ್ಥಿಗಳು ಮನೆಗೇ ಬಂದು ಕಂಬ, ಬೋದಿಗೆಗಳ ಅಚ್ಚುಗಳನ್ನು ನೋಡಬಹುದಿತ್ತು. ಅಂದರೆ ಅವನು ಬದುಕಿದ್ದಾಗಲೇ ಅದು ಅರ್ಧ ಮನೆ, ಅರ್ಧ ಮ್ಯೂಸಿಯಂ.

ನಿಮ್ಮ ತಂದೆಯವರನ್ನು ಮೊದಲು ನೆಲಮಹಡಿಯ ಬ್ರೇಕ್‌ಫಾಸ್ಟ್ ರೂಮಿನಲ್ಲಿ ನಿಲ್ಲಿಸಿ ತಲೆ ಎತ್ತಿ ನೋಡಲು ಹೇಳಿ. ಬಹಳ ಚಿಕ್ಕ ಕೋಣೆ. ಮೇಲೆ ಆಳವಿಲ್ಲದ ಒಂದು ಗುಮ್ಮಟ, ಬಿಚ್ಚಿ ಹಿಡಿದ ಛತ್ರಿಯ ಹಾಗೆ. ಅದು ಎರಡು ಬದಿಯ ಗೋಡೆಗೆ ತಾಗುವುದೇ ಇಲ್ಲ. ಗುಮ್ಮಟಕ್ಕೂ ಗೋಡೆಗೂ ನಡುವೆ ಸಂದು, ಆ ಸಂದಿನ ಮೇಲೆಲ್ಲೋ ಕಾಣದ ಕಡೆ ಗಾಜಿನ ಮಾಡು. ಬೆಳಕು ಗೋಡೆಯ ಮೇಲಿಂದ ಜಾರಿ ಇಳಿಯುತ್ತದೆ, ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಗುಮ್ಮಟದ ತುಂಬ ದುಂಡನೆಯ ಉಬ್ಬುಗನ್ನಡಿಗಳು, ಒಂದೊಂದರಲ್ಲೂ ಇಡೀ ಕೋಣೆ, ಅದರೊಳಗೆ ಕತ್ತೆತ್ತಿ ನಿಂತ ನೀವು. ಇಂಜಿನಿಯರ್ ಆದವರು ಅಲ್ಲಿ "ಭಾರ ಎಲ್ಲಿ ಇಳೀತಿದೆ?" ಅಂತ ಕೇಳದೆ ಮುಂದೆ ಹೋಗುವುದಿಲ್ಲ. ನನ್ನ ಸೋದರಮಾವ ಕೇಳಿದರು; ಕಾವಲಿಗಿದ್ದ ಅಜ್ಜ ಖುಷಿಯಾಗಿ ನಾಲ್ಕು ಮೂಲೆಯ ಕಮಾನುಗಳನ್ನು ತೋರಿಸಿ ವಿವರಿಸಿದರು.

ಹಿಂದಿನ ಭಾಗದಲ್ಲಿ ಬೆಳಕಿಗೆ ಬಣ್ಣವೂ ಇದೆ. ಮೇಲ್ಛಾವಣಿಗೆ ಹಳದಿ ಗಾಜು ಹಾಕಿಸಿದ್ದಾನೆ. ಲಂಡನ್ನಿನ ಬೂದಿ ಬಣ್ಣದ ಆಕಾಶವನ್ನು ಇಟಲಿಯ ಬಿಸಿಲಾಗಿಸುವ ಉಪಾಯ. ಮೋಡ ಕವಿದ ದಿನವೇ ಹೋದರೂ ಅಮೃತಶಿಲೆಯ ಮೇಲೆ ಸಂಜೆಬಿಸಿಲು ಬಿದ್ದಂತೆ ಕಾಣುತ್ತದೆ. ಮಳೆ ಬಂದರೆ ಅಯ್ಯೋ ಪ್ಲಾನ್ ಹಾಳಾಯಿತು ಅಂದುಕೊಳ್ಳಬೇಡಿ.

ಕೆಳಗೆ ನೆಲಮಾಳಿಗೆಯಲ್ಲಿ ಈಜಿಪ್ಟಿನ ದೊರೆ ಮೊದಲನೇ ಸೇತಿಯ ಶವಪೆಟ್ಟಿಗೆ ಇದೆ. ಬೆಲ್ಜೋನಿ ಎಂಬ ಇಟಲಿಯವನು 1817ರಲ್ಲಿ ರಾಜರ ಕಣಿವೆಯಲ್ಲಿ ಪತ್ತೆ ಮಾಡಿದ್ದು. ಒಂಬತ್ತು ಅಡಿಗೂ ಉದ್ದ, ಬೆಳಕು ಹಾಯುವಂಥ ಬಿಳಿಯ ಕಲ್ಲು, ಒಳಗೂ ಹೊರಗೂ ಕೆತ್ತಿದ ಚಿತ್ರಲಿಪಿ. ಎರಡು ಸಾವಿರ ಪೌಂಡ್ ಜಾಸ್ತಿಯಾಯಿತು ಅಂತ ಬ್ರಿಟಿಷ್ ಮ್ಯೂಸಿಯಂ ಬೇಡ ಅಂದಿತು. 1824ರಲ್ಲಿ ಸೋನ್ ಅಷ್ಟೇ ಹಣ ಕೊಟ್ಟು ತಂದ. ಮನೆಯೊಳಗೆ ತರಲು ಹಿಂದಿನ ಗೋಡೆ ಒಡೆಯಬೇಕಾಯಿತು. ಮರುವರ್ಷ ಮಾರ್ಚಿನಲ್ಲಿ ಮೂರು ರಾತ್ರಿ ಮನೆತುಂಬ ದೀಪ ಹಚ್ಚಿಸಿ ಊರಿನ ಗಣ್ಯರನ್ನೆಲ್ಲ ಕರೆದ. ಚಿತ್ರಕಾರ ಟರ್ನರ್, ಕವಿ ಕೋಲ್‌ರಿಜ್ ಕೂಡ ಬಂದಿದ್ದರು. ಈಗಲೂ ಕೆಲವು ಸಂಜೆ ಮೇಣದ ಬತ್ತಿಯ ಬೆಳಕಿನಲ್ಲಿ ಮನೆ ತೋರಿಸುತ್ತಾರೆ, ಟಿಕೆಟ್ ಬೇಗ ಮುಗಿಯುತ್ತದೆ. ಆದರೆ ಮಂಡಿ ನೋವಿರುವವರನ್ನು ಆ ಕತ್ತಲಲ್ಲಿ ಇಕ್ಕಟ್ಟಿನ ಮೆಟ್ಟಿಲು ಇಳಿಸಬೇಡಿ. ಹಗಲೇ ಸಾಕು.

ಈಗ ಕತೆಗೆ ಬರೋಣ. ಹಿಂಬದಿಯಲ್ಲಿ ಪಿಕ್ಚರ್ ರೂಮ್ ಅಂತ ಒಂದು ಕೋಣೆ ಇದೆ. ಅಳತೆ ಸುಮಾರು ಹದಿಮೂರೂವರೆ ಅಡಿಗೆ ಹನ್ನೆರಡು ಅಡಿ, ನಮ್ಮ ಬೆಂಗಳೂರಿನ ಫ್ಲ್ಯಾಟಿನ ಬೆಡ್‌ರೂಮಿನಷ್ಟು. ಅದರಲ್ಲಿ ನೂರಕ್ಕೂ ಹೆಚ್ಚು ಚಿತ್ರ. ಹೇಗೆ ಹಿಡಿಸಿದ ಅಂದರೆ, ಗೋಡೆಗಳೇ ಬಾಗಿಲು. ಕಾವಲಿನವರು ಹಿತ್ತಾಳೆ ಹಿಡಿ ಹಿಡಿದು ಎಳೆದರೆ ಚಿತ್ರಗಳ ಸಮೇತ ಗೋಡೆ ತೆರೆದುಕೊಳ್ಳುತ್ತದೆ, ಒಳಗೆ ಇನ್ನೊಂದು ಪದರ ಚಿತ್ರ. ಒಂದು ಕಡೆ ಅದನ್ನೂ ತೆರೆದರೆ ಗೋಡೆಯೇ ಇಲ್ಲ. ಒಂದು ಶಿಲ್ಪ, ಅದರಾಚೆ ಕೆಳಗಿನ ಕೋಣೆಯ ಆಳ. ನೋಡುತ್ತಿದ್ದವರೆಲ್ಲ ಒಟ್ಟಿಗೆ "ಓ" ಅನ್ನುತ್ತಾರೆ. ಇಡೀ ದಿನ ತೆರೆದಿಡುವುದಿಲ್ಲ, ಆಗಾಗ ತೆರೆದು ತೋರಿಸುತ್ತಾರೆ. ಒಳಗೆ ಹೋದ ಕೂಡಲೇ ಸಮಯ ಕೇಳಿಕೊಳ್ಳಿ. ಇದು ತಪ್ಪಿದರೆ ಅರ್ಧ ನೋಡಿದ ಹಾಗೆ.

ಆ ಗೋಡೆಯ ಮೇಲೆ ಹೋಗಾರ್ತ್ ಎಂಬ ಚಿತ್ರಕಾರನ ಎಂಟು ಚಿತ್ರಗಳ ಒಂದು ಸರಣಿ ಇದೆ, 1730ರ ದಶಕದ್ದು. ಜಿಪುಣ ಅಪ್ಪ ಸಾಯುತ್ತಾನೆ, ಮಗನ ಕೈಗೆ ಹಣ ಬರುತ್ತದೆ. ದರ್ಜಿ ಬಂದು ಹೊಸ ಬಟ್ಟೆಗೆ ಅಳತೆ ತೆಗೆಯುವುದರಿಂದ ಶುರು. ಆಮೇಲೆ ಕುಡಿತ, ಸೂಳೆಗೇರಿ, ದುಡ್ಡಿಗಾಗಿ ಮುದುಕಿಯ ಜೊತೆ ಮದುವೆ, ಜೂಜು, ಸಾಲಗಾರರ ಜೈಲು, ಕೊನೆಗೆ ಹುಚ್ಚಾಸ್ಪತ್ರೆ. 1802ರಲ್ಲಿ ಹರಾಜಿಗೆ ಬಂದಾಗ 570 ಗಿನಿಗೆ (ಗಿನಿ ಅಂದರೆ ಪೌಂಡಿಗಿಂತ ತುಸು ಹೆಚ್ಚು) ಕೂಗಿ ಇದನ್ನು ಹಿಡಿದವಳು ಸೋನ್‌ನ ಹೆಂಡತಿ ಎಲೈಜಾ. ಆಗ ಅವಳಿಗೆ ಇಬ್ಬರು ಗಂಡುಮಕ್ಕಳು, ಇನ್ನೂ ಹುಡುಗರು. ಇಬ್ಬರನ್ನೂ ವಾಸ್ತುಶಿಲ್ಪಿಗಳನ್ನಾಗಿ ಮಾಡಬೇಕು, ತನ್ನ ಹೆಸರು ಮುಂದುವರಿಯಬೇಕು ಅಂತ ಅಪ್ಪನ ಹಟ.

ದೊಡ್ಡವನು ಜಾನ್ ಕಾಯಿಲೆಯವನು, 1823ರಲ್ಲಿ ತೀರಿಕೊಂಡ. ಚಿಕ್ಕವನು ಜಾರ್ಜ್‌ಗೆ ನಾಟಕ, ಬರವಣಿಗೆಯ ಗೀಳು. ಅಪ್ಪ-ಅಮ್ಮನಿಗೆ ಉರಿಯಲಿ ಅಂತಲೇ 1811ರಲ್ಲಿ ಮದುವೆ ಮಾಡಿಕೊಂಡ, ಹಾಗೆಂದು ತಾಯಿಗೆ ಬರೆದೂ ಬರೆದ. 1814ರಲ್ಲಿ ಸಾಲ ತೀರಿಸಲಾಗದೆ ಜೈಲು ಸೇರಿದ. ಅಪ್ಪ ಕಾಸು ಬಿಚ್ಚಲಿಲ್ಲ. ಬಿಡಿಸಿಕೊಂಡು ಬಂದವಳು ತಾಯಿ. ಹೋಗಾರ್ತ್‌ನ ಆ ಜೈಲಿನ ಚಿತ್ರದ ಮುಂದೆ ನಿಂತಾಗ ಇದನ್ನು ನೆನಪು ಮಾಡಿಕೊಳ್ಳಿ. ಅವಳು ದಿನಾ ನೋಡುತ್ತಿದ್ದ ಚಿತ್ರ ಅದು.

ಮರುವರ್ಷ ಸೆಪ್ಟೆಂಬರಿನಲ್ಲಿ 'ಚಾಂಪಿಯನ್' ಎಂಬ ಪತ್ರಿಕೆಯಲ್ಲಿ ಹೆಸರಿಲ್ಲದ ಎರಡು ಲೇಖನ ಬಂದವು. ಇಂಗ್ಲೆಂಡಿನ ವಾಸ್ತುಶಿಲ್ಪ ಹಾಳಾಗಿದೆ ಎಂಬ ನೆಪದಲ್ಲಿ ಸೋನ್‌ನ ಕಟ್ಟಡಗಳನ್ನೂ ಈ ಮನೆಯನ್ನೂ ಹಿಗ್ಗಾಮುಗ್ಗಾ ಬೈದಿದ್ದವು. ಬರೆದವನು ಜಾರ್ಜ್ ಎಂದು ತಾಯಿಗೆ ಗೊತ್ತಾಯಿತು. ಇನ್ನು ತಲೆ ಎತ್ತಿ ಓಡಾಡಲಾರೆ ಅಂದಳಂತೆ. ಮೊದಲೇ ಪಿತ್ತಕೋಶದ ಕಲ್ಲಿನಿಂದ ನರಳುತ್ತಿದ್ದವಳು ನವೆಂಬರ್ 22ರಂದು ಸತ್ತಳು. ಸೋನ್ ಮಗನನ್ನು ಮತ್ತೆ ಕ್ಷಮಿಸಲೇ ಇಲ್ಲ. ಆ ಪತ್ರಿಕೆಯ ತುಣುಕುಗಳಿಗೆ ಫ್ರೇಮ್ ಹಾಕಿಸಿ, ಜಾರ್ಜ್ ಕೊಟ್ಟ ಸಾವಿನ ಏಟುಗಳು ಎಂದು ಮೇಲೆ ಬರೆಸಿ, ಮನೆಯಲ್ಲೇ ನೇತುಹಾಕಿದ. ಸಿಟ್ಟಿಗೆ ಫ್ರೇಮ್ ಹಾಕಿಸುವುದು ಅಂದರೆ ಇದೇ.

ನಮ್ಮಲ್ಲಿ ಆಸ್ತಿ ಸ್ವಯಾರ್ಜಿತವಾದರೆ ಅಪ್ಪ ಯಾರಿಗೆ ಬೇಕಾದರೂ ಬರೆದುಕೊಡಬಹುದು ಅನ್ನುತ್ತೇವಲ್ಲ, ಸೋನ್‌ಗೆ ಅಷ್ಟು ಸಾಲಲಿಲ್ಲ. ಪಾರ್ಲಿಮೆಂಟಿಗೇ ಹೋಗಿ 1833ರಲ್ಲಿ ಈ ಒಂದು ಮನೆಗೋಸ್ಕರ ಕಾಯ್ದೆ ಮಾಡಿಸಿದ: ತಾನು ಸತ್ತ ಮೇಲೆ ಮನೆ, ಸಂಗ್ರಹ ಎಲ್ಲ ದೇಶಕ್ಕೆ ಸೇರಬೇಕು, ತಾನು ಬಿಟ್ಟ ಹಾಗೇ ಇರಬೇಕು. ಜಾರ್ಜ್ ತಕರಾರು ಅರ್ಜಿ ಹಾಕಿಸಿದ, ವಿಲಿಯಂ ಕಾಬೆಟ್ ಎಂಬ ಸಂಸದ ಅವನ ಪರ ಮಾತಾಡಿದ, ಆಗಲಿಲ್ಲ. ಆದ್ದರಿಂದ ನಾವು ಇವತ್ತು ಬಿಟ್ಟಿಯಾಗಿ ನೋಡುವ ಈ ಮನೆ ಒಬ್ಬ ಮಗನಿಗೆ ಸಿಗದ ಮನೆ. ವಾಸ್ತುಶಿಲ್ಪದ ಪುಸ್ತಕದವರು ಕಲೆಗಾಗಿ, ದೇಶಕ್ಕಾಗಿ ಕೊಟ್ಟ ಅನ್ನುತ್ತಾರೆ. ಅದೂ ನಿಜವೇ ಇರಬಹುದು. ನನಗಂತೂ ಕೋಣೆ ಕೋಣೆಯಲ್ಲೂ ಆ ಅಪ್ಪನ ಹಟವೇ ಕಾಣುತ್ತದೆ. ಕೆಲವು ಕಪಾಟುಗಳಿಗೆ ಅರಗಿನ ಮುದ್ರೆ ಹಾಕಿ, 1866, 1886, 1896ರಲ್ಲಿ, ಹೆಂಡತಿ ಸತ್ತ ದಿನವೇ ತೆರೆಯಬೇಕು ಎಂದೂ ಕಟ್ಟಪ್ಪಣೆ ಮಾಡಿದ್ದ. ಜನ ಕುತೂಹಲದಿಂದ ಕಾದು ತೆರೆದರೆ ಹಳೆ ಕಾಗದಪತ್ರ, ಚಿಲ್ಲರೆ ಸಾಮಾನು.

ಅಂದ ಹಾಗೆ, ನಮ್ಮೂರಿನ ನಂಟೂ ಒಂದಿದೆ. ಸೋನ್‌ನ ಸಂಗ್ರಹದಲ್ಲಿ ದಂತದ ಒಂದು ಮೇಜು, ಕುರ್ಚಿಗಳು ಇವೆ, ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯವು ಎಂಬ ಹೆಸರಿನಲ್ಲಿ ಬಂದಂಥವು. 1799ರ ನಂತರ ಲಂಡನ್ನಿನಲ್ಲಿ ಟಿಪ್ಪುವಿನ ಹೆಸರು ಹೇಳಿದರೆ ಯಾವ ವಸ್ತುವಿಗೂ ಗಿರಾಕಿ ಇತ್ತು, ಹಾಗಾಗಿ ಆ ಮಾತನ್ನು ಪೂರ್ತಿ ನಂಬಬೇಕಿಲ್ಲ. ಆದರೂ ಮೈಸೂರು ಕಡೆಯ ಅಮ್ಮಂದಿರು ಅದನ್ನು ಕೇಳಿದ ಕೂಡಲೇ ಚುರುಕಾಗುವುದನ್ನು ಕಂಡಿದ್ದೇನೆ. ಕಾವಲಿನವರನ್ನು ವಿಚಾರಿಸಿ, ಎಲ್ಲಿದೆ ಅಂತ ತೋರಿಸುತ್ತಾರೆ.

ಪ್ರದರ್ಶನಗಳ ಬಗ್ಗೆ ಕೇಳಿದಿರಿ. ಕಾಯ್ದೆ ಇರುವುದರಿಂದ ಸೋನ್ ವಾಸವಿದ್ದ 13ನೇ ಮನೆಯಲ್ಲಿ ಹೆಚ್ಚು ಕೈಯಾಡಿಸುವಂತಿಲ್ಲ. ಪಕ್ಕದ 12ನೇ ಮನೆಯಲ್ಲಿ 2012ರಲ್ಲಿ ಗ್ಯಾಲರಿ ಮಾಡಿದ್ದಾರೆ, ತಾತ್ಕಾಲಿಕ ಪ್ರದರ್ಶನಗಳು ಸಾಮಾನ್ಯವಾಗಿ ಅಲ್ಲಿ. ಎರಡು ಕೋಣೆ, ಹೆಚ್ಚಾಗಿ ನಕ್ಷೆ, ರೇಖಾಚಿತ್ರ, ಮಾದರಿಗಳು. ವಾಸ್ತುಶಿಲ್ಪದ ಹುಚ್ಚಿದ್ದವರಿಗೆ ಹಬ್ಬ. ಉಳಿದವರಿಗೆ ಕಾಲು ಗಂಟೆಯ ಕೆಲಸ. ನಿಮ್ಮ ತಂದೆ ಒಳಗೆ ಹೋಗಲಿ, ತಾಯಿಯವರನ್ನು ಕೂರಿಸಿ. ಮನೆಗೇ ಸಂಬಂಧಪಟ್ಟ ಪ್ರದರ್ಶನ ಬಂದರೆ ಮಾತ್ರ ಬಿಡಬೇಡಿ. 2017ರಲ್ಲಿ ಶವಪೆಟ್ಟಿಗೆ ಸಿಕ್ಕಿ ಇನ್ನೂರು ವರ್ಷವಾದಾಗ ಸೇತಿಯ ಸಮಾಧಿಯ ಬಗ್ಗೆ ಒಂದು ಮಾಡಿದ್ದರು. 2019ರ ಕೊನೆಯಲ್ಲಿ ಹೋಗಾರ್ತ್‌ನ ಚಿತ್ರಸರಣಿಗಳನ್ನೆಲ್ಲ ಬೇರೆ ಕಡೆಗಳಿಂದ ತರಿಸಿ ಇದೇ ಮನೆಯಲ್ಲಿ ಒಟ್ಟಿಗೆ ಇಟ್ಟಿದ್ದರು. ನ್ಯಾಷನಲ್ ಗ್ಯಾಲರಿಯ ದೊಡ್ಡ ಹಾಲಿನಲ್ಲಿ ನಾನು ದಾಟಿಕೊಂಡು ಹೋಗುತ್ತಿದ್ದ ಚಿತ್ರಗಳು ಇಲ್ಲಿ ಮನೆಯ ಅಳತೆಯ ಕೋಣೆಯಲ್ಲಿ, ಮೂಗು ತಾಗುವಷ್ಟು ಹತ್ತಿರ ಬಂದಾಗ, ಅದರ ಮೂಲೆಯಲ್ಲಿ ಏನೇನು ನಡೆದಿದೆ ಅಂತ ಮೊದಲ ಸಲ ಕಂಡೆ. ಅಂಥದ್ದು ಅಪರೂಪ.

ಇನ್ನು ವ್ಯವಹಾರದ ಮಾತು. ಪ್ರವೇಶ ಉಚಿತ, ಬುಧವಾರದಿಂದ ಭಾನುವಾರ ಬೆಳಿಗ್ಗೆ ಹತ್ತರಿಂದ ಐದು. ಹೊರಡುವ ಮುನ್ನ ಅವರ ವೆಬ್‌ಸೈಟಿನಲ್ಲಿ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಹೋಬರ್ನ್ ಟ್ಯೂಬ್ ಸ್ಟೇಷನ್ನಿನಿಂದ ಐದು ನಿಮಿಷದ ನಡಿಗೆ. ಒಳಗೆ ಒಮ್ಮೆಗೆ ಇಂತಿಷ್ಟೇ ಜನ, ಆದ್ದರಿಂದ ಶನಿವಾರ ಬಾಗಿಲಲ್ಲಿ ಕ್ಯೂ ಇರುತ್ತದೆ. ವಾರದ ನಡುವೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ದೊಡ್ಡ ಬ್ಯಾಗು ತರಬೇಡಿ, ಹೆಗಲಿಗೆ ಹಾಕಿ ತಿರುಗಿದರೆ ಹಿಂದೆ ಯಾವುದೋ ರೋಮನ್ ತಲೆ ಇರುತ್ತದೆ. ತಾಯಿಯವರ ಮಂಡಿ ವಿಷಯ ಬಾಗಿಲಲ್ಲೇ ಹೇಳಿ. ಲಿಫ್ಟ್ ಇದೆ, ಆದರೆ ಅದು ಪಕ್ಕದ ಮನೆಯ ಕಡೆ, ಅವರೇ ಕರೆದುಕೊಂಡು ಹೋಗಬೇಕು. ಮೇಲಿನ ಮಹಡಿಯ ಖಾಸಗಿ ಕೋಣೆಗಳನ್ನು ಟೂರಿನಲ್ಲಿ ತೋರಿಸುತ್ತಾರೆ, ತಂದೆಯವರಿಗೆ ಅಲ್ಲಿರುವ ಕಟ್ಟಡದ ಮಾದರಿಗಳ ಕೋಣೆ ಬಹಳ ಹಿಡಿಸುತ್ತದೆ. ಒಂದೂವರೆ ಗಂಟೆ ಧಾರಾಳ.

ನೋಡಿಯಾದ ಮೇಲೆ ಎದುರಿನ ಪಾರ್ಕಿನಲ್ಲಿ ಬೆಂಚುಗಳಿವೆ, ಚಪಾತಿ ಕಟ್ಟಿಕೊಂಡು ಹೋದರೆ ಅಲ್ಲೇ ಊಟ. ಚೌಕದ ಆಚೆ ಬದಿಯಲ್ಲಿ ಸರ್ಜನ್‌ಗಳ ರಾಯಲ್ ಕಾಲೇಜಿನ ಹಂಟೇರಿಯನ್ ಮ್ಯೂಸಿಯಂ ಇದೆ, ಅದೂ ಉಚಿತ. ಅಲ್ಲಿರುವುದು ಬಾಟಲಿಗಳಲ್ಲಿ ಅದ್ದಿಟ್ಟ ಕರುಳು, ಗೆಡ್ಡೆ, ಮೂಳೆಗಳು. ಹೋಗುವುದಾದರೆ ಊಟಕ್ಕೆ ಮುಂಚೆ ಬೇಡ, ಊಟವಾದ ತಕ್ಷಣವೂ ಬೇಡ.